ಗಂಟೆಗೆ ನೂರಿಪ್ಪತ್ತು ರೂಪಾಯಿಗೆ ಖಳರ ಕುಸ್ತಿ

ನನಗೆ ವಿಡಿಯೊ ಗೇಮ್ ಬರುವುದಿಲ್ಲ, ಖಳಪಾತ್ರ ಬರುತ್ತದೆ. ಹಾವೇರಿಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಾನು ಹದಿನೆಂಟು ವರ್ಷ ಸುತ್ತಲಿನ ಊರುಗಳ ಜಾತ್ರೆ ನಾಟಕಗಳಲ್ಲಿ ಖಳನಾಗಿದ್ದೆ. ಹೆಚ್ಚಾಗಿ ಗೌಡ, ಆಗಾಗ ಬಡ್ಡಿ ಸಾಹುಕಾರ, ಒಮ್ಮೆ ಮಾತ್ರ ಕುಡುಕ ತಹಶೀಲ್ದಾರ. ಒಂದು ಊರಿನಲ್ಲಿ ಆಟ ಮುಗಿದ ಮರುದಿನ ಬೆಳಿಗ್ಗೆ ಹಾಲು ಮಾರುವ ಅಜ್ಜಿ ನನ್ನ ಚೊಂಬಿಗೆ ಹಾಲು ಹಾಕಲು ಒಪ್ಪಲಿಲ್ಲ. ಹಿಂದಿನ ರಾತ್ರಿ ನಾನು ವಿಧವೆಯ ಹೊಲ ಕಿತ್ತುಕೊಂಡಿದ್ದೆನಲ್ಲ! ನನಗೆ ಸಿಕ್ಕ ಪ್ರಶಸ್ತಿ ಅದೊಂದೇ. ಈ ವಿಮರ್ಶೆಯನ್ನು ಆ ಯೋಗ್ಯತೆಯ ಮೇಲೆ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿರುವ ತಂಗಿಯ ಮಗ ಪಿಯುಸಿ ಓದುತ್ತಾನೆ. ಕಳೆದ ಭಾನುವಾರ ಹಟ ಹಿಡಿದು ನನ್ನನ್ನು ವಿದ್ಯಾನಗರದ ಗೇಮಿಂಗ್ ಪಾರ್ಲರ್ ಒಂದಕ್ಕೆ ಕರೆದುಕೊಂಡು ಹೋದ. ಹೆಸರು ಬೇಡ, ಹೋಗುವವರಿಗೆ ಗೊತ್ತಿರುತ್ತದೆ. ಎರಡನೆಯ ಮಹಡಿ, ಆರು ಪರದೆ, ಗಂಟೆಗೆ ನೂರಿಪ್ಪತ್ತು ರೂಪಾಯಿ, ಮುಂಗಡ ಪಾವತಿ. ಎಸಿ ಚೆನ್ನಾಗಿದೆ. ಕುರ್ಚಿಗಳು ಎಷ್ಟು ತಗ್ಗಾಗಿವೆಯೆಂದರೆ ಕುಳಿತ ಮೇಲೆ ಏಳಲು ಅಳಿಯನ ಕೈ ಬೇಕಾಯಿತು. ನನಗೆ ಕೊಟ್ಟ ಕಂಟ್ರೋಲರಿನ ಒಂದು ಗುಂಡಿ ಒಳಕ್ಕೆ ಹೋದರೆ ಹೊರಕ್ಕೆ ಬರುತ್ತಿರಲಿಲ್ಲ. ಬದಲಾಯಿಸಿ ಕೊಡಿ ಎಂದು ಎರಡು ಸಲ ಕೇಳಿದೆ. ಕೌಂಟರಿನ ಹುಡುಗ ಎರಡು ಸಲವೂ ತಲೆಯಾಡಿಸಿದ.

ಆಡಿದ್ದು ಡಬ್ಲ್ಯುಡಬ್ಲ್ಯುಇ 2ಕೆ25. ನಮ್ಮ ನಾಟಕದಂತೆಯೇ ಗೆಲುವು ಸೋಲು ಮೊದಲೇ ಬರೆದಿಟ್ಟು ಆಡಿಸುವ ಅಮೆರಿಕದ ಕುಸ್ತಿ ಕಂಪನಿಯ ವಿಡಿಯೊ ಗೇಮ್. 2025ರ ಮಾರ್ಚ್‌ನಲ್ಲಿ ಬಂದ ಆಟ. ಮುಖಪುಟದಲ್ಲಿ ರೋಮನ್ ರೇನ್ಸ್, ಜೊತೆಗೆ ಆಗ ಅವನ ವಕೀಲನಂತೆ ಓಡಾಡುತ್ತಿದ್ದ ಪಾಲ್ ಹೇಮನ್. ಮುನ್ನೂರಕ್ಕೂ ಹೆಚ್ಚು ಮಲ್ಲರಿದ್ದಾರೆ. ಇಪ್ಪತ್ತು ಮೂವತ್ತು ವರ್ಷ ಅಂತರದ ಇಬ್ಬರನ್ನು ಒಂದೇ ಅಖಾಡಕ್ಕೆ ಇಳಿಸಬಹುದು ಎಂದು ಅಳಿಯ ವಿವರಿಸಿದ ಕ್ಷಣವೇ ನನ್ನ ಮೊಣಕಾಲು ನೋವು ಹಾರಿಹೋಯಿತು. ನನಗೆ ಯೊಕೊಜುನಾ, ಅವನಿಗೆ ರೋಮನ್ ರೇನ್ಸ್.

ಯೊಕೊಜುನಾ ಎಂದರೆ ನಮ್ಮ ಪೀಳಿಗೆಗೆ, ಮಲ್ಲರ ಚಿತ್ರವಿದ್ದ ಟ್ರಂಪ್ ಕಾರ್ಡಿನ ತೂಕ. ಆ ಕಾರ್ಡು ಕೈಗೆ ಬಂದವನು ‘ತೂಕ’ ಎಂದು ಕೂಗಿದರೆ ಎದುರಾಳಿ ಮಾತಿಲ್ಲದೆ ತನ್ನ ಕಾರ್ಡು ಕೊಡಬೇಕಿತ್ತು. ಜಪಾನಿನ ಸುಮೊ ಮಲ್ಲ ಎಂದು ಅವನನ್ನು ತೋರಿಸುತ್ತಿದ್ದರು. ಅಸಲಿಗೆ ಅವನು ಅಮೆರಿಕದಲ್ಲಿ ಬೆಳೆದ ಸಮೋವಾ ಮೂಲದವನು, ಹೆಸರು ರಾಡ್ನಿ ಅನೊವಾಯಿ. ಇದು ತಿಳಿದಾಗ ನನಗೆ ಬೇಸರವಾಗಲಿಲ್ಲ. ನಮ್ಮ ತಂಡದಲ್ಲಿ ‘ಮುಂಬೈ ಡಾನ್’ ಮಾಡುತ್ತಿದ್ದವನು ಬಂಕಾಪುರದವನು, ದಾವಣಗೆರೆಯಿಂದ ಆಚೆ ಹೋದವನಲ್ಲ. ತಮಾಷೆಯೆಂದರೆ ರೋಮನ್ ರೇನ್ಸ್ ಕೂಡ ಅದೇ ಅನೊವಾಯಿ ಮನೆತನದವನು. ಈ ಆಟದಲ್ಲಿ ಆ ಮನೆತನದ ಕಥೆಯನ್ನೇ ಪಾಲ್ ಹೇಮನ್ ಬಾಯಿಯಿಂದ ಹೇಳಿಸುವ ವಿಭಾಗವೊಂದಿದೆ. ಒಂದೇ ಮನೆಯ ಇಬ್ಬರು ಖಳರು: ಒಬ್ಬ ತನ್ನ ಕುಲ ಮುಚ್ಚಿಟ್ಟು ಖಳನಾದ, ಇನ್ನೊಬ್ಬ ಅದೇ ಕುಲದ ಹೆಸರು ಹೇಳಿಕೊಂಡು ಖಳನಾದ. ಅಳಿಯನಿಗೆ ಇದನ್ನು ಹೇಳಿದೆ. “ಮಾಮಾ, ಮೊದಲು ಆ ಗುಂಡಿ ಒತ್ತಿ” ಎಂದ.

ಒತ್ತಿದೆ. ಯೊಕೊಜುನಾ ತೇರಿನ ಹಾಗೆ ನಿಧಾನವಾಗಿ ಕದಲಿದ. ಉಪ್ಪು ಎರಚುವ ಗುಂಡಿ ಯಾವುದು ಎಂದು ಕೇಳಿದರೆ ಅಳಿಯನಿಗೆ ನಾನು ಏನು ಕೇಳುತ್ತಿದ್ದೇನೆಂದೇ ತಿಳಿಯಲಿಲ್ಲ. 1993ರ ಏಪ್ರಿಲ್, ಲಾಸ್ ವೇಗಾಸ್. ಯೊಕೊಜುನಾನ ಮ್ಯಾನೇಜರ್ ಮಿಸ್ಟರ್ ಫೂಜಿ ಆಗಿನ ಚಾಂಪಿಯನ್ ಬ್ರೆಟ್ ಹಾರ್ಟ್‌ನ ಕಣ್ಣಿಗೆ ಉಪ್ಪು ಎರಚಿ ತನ್ನ ಶಿಷ್ಯನನ್ನು ಚಾಂಪಿಯನ್ ಮಾಡಿದ. ಅಲ್ಲಿಗೇ ನಿಲ್ಲಬೇಕಿತ್ತು. ಜಂಬದಿಂದ ಜನರ ಮೆಚ್ಚಿನ ನಾಯಕ ಹಲ್ಕ್ ಹೋಗನ್‌ಗೂ ಸವಾಲು ಹಾಕಿದ. ಎರಡನೆಯ ಸಲ ಎರಚಿದ ಉಪ್ಪು ಶಿಷ್ಯನ ಕಣ್ಣಿಗೇ ಬಿದ್ದು, ಕೆಲವೇ ನಿಮಿಷಗಳಲ್ಲಿ ಚಾಂಪಿಯನ್ ಬೆಲ್ಟು ಕೈಬಿಟ್ಟಿತು. ಖಳನ ಆಯುಧ ಖಳನಿಗೇ ತಿರುಗಬೇಕು ಎಂಬುದು ನಮ್ಮ ನಾಟಕದ ಕವಿಗಳಿಗೂ ಗೊತ್ತಿದ್ದ ಲೆಕ್ಕ. ಮೂರನೆಯ ಅಂಕದಲ್ಲಿ ನಾನು ನಾಯಕನಿಗೆಂದು ಬೆರೆಸಿದ ವಿಷದ ಹಾಲನ್ನು ಎಷ್ಟು ಊರುಗಳಲ್ಲಿ ನಾನೇ ಕುಡಿದಿದ್ದೇನೋ!

ಆದರೂ ಯೊಕೊಜುನಾನಂಥವರ ಮೇಲಿನ ಸಿಟ್ಟು ಅಗ್ಗದ ಸಿಟ್ಟು. ಅವನಿಗಿಂತ ಹತ್ತು ವರ್ಷ ಮೊದಲು ಐರನ್ ಶೇಖ್ ಇದ್ದ. ಇರಾನಿನಲ್ಲಿ ಹುಟ್ಟಿದವನು, ನಿಜವಾದ ಕುಸ್ತಿ ಬಲ್ಲವನು. 1971ರಲ್ಲಿ ಅಮೆರಿಕದ ಹವ್ಯಾಸಿ ಕುಸ್ತಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವನು. ಅವನು ಎರಡು ಕೈಯಲ್ಲಿ ಭಾರವಾದ ಮರದ ಗದೆಗಳನ್ನು ತಿರುಗಿಸಿ, ತಾಕತ್ತಿದ್ದರೆ ನೀವೂ ತಿರುಗಿಸಿ ಎಂದು ಸವಾಲು ಹಾಕುತ್ತಿದ್ದ. ಆ ದೃಶ್ಯ ಮೊದಲ ಸಲ ನೋಡಿದಾಗ ನನಗೆ ಧಾರವಾಡದ ಗರಡಿ ಮನೆ ನೆನಪಾಯಿತು. ಕೆಮ್ಮಣ್ಣಿನ ಮೇಲೆ ನಿಂತು ಅಂಥದ್ದೇ ಗದೆ ತಿರುಗಿಸುವ ಪೈಲ್ವಾನರನ್ನು ನಾವು ಕೈಮುಗಿದು ನೋಡುತ್ತೇವೆ. ಅಮೆರಿಕದಲ್ಲಿ ಅದೇ ಗದೆ ರಾಕ್ಷಸನ ಗುರುತಾಯಿತು. ಇರಾನಿನಲ್ಲಿ ಅಮೆರಿಕದವರು 444 ದಿನ ಒತ್ತೆಯಾಳಾಗಿದ್ದ ಪ್ರಕರಣ ಇನ್ನೂ ಹಸಿಯಾಗಿದ್ದ ಕಾಲ. ಜನರ ಸಿಟ್ಟನ್ನು ದಿನಪತ್ರಿಕೆಗಳು ಮೊದಲೇ ಕುದಿಸಿಟ್ಟಿದ್ದವು, ಶೇಖ್ ಬಂದು ಧ್ವಜ ಬೀಸಿದರೆ ಸಾಕಾಗುತ್ತಿತ್ತು. 1983ರ ಡಿಸೆಂಬರ್ 26ರಂದು ಬಾಬ್ ಬ್ಯಾಕ್ಲಂಡ್‌ನ ಬೆನ್ನ ಮೇಲೆ ಕುಳಿತು ಗದ್ದ ಹಿಡಿದೆಳೆದು ಪ್ರಶಸ್ತಿ ಗೆದ್ದ. ಬ್ಯಾಕ್ಲಂಡ್ ಸೋಲೊಪ್ಪಲಿಲ್ಲ, ಅವನ ಮ್ಯಾನೇಜರ್ ಸೋಲೊಪ್ಪಿ ಟವೆಲ್ ಎಸೆದ. ನಾಲ್ಕೇ ವಾರದಲ್ಲಿ ಹೋಗನ್ ಅದನ್ನು ಕಿತ್ತುಕೊಂಡ. ಹೋಗನ್‌ಗೆ ಮೆಟ್ಟಿಲಾಗಲೆಂದೇ ಇಟ್ಟ ಕಲ್ಲು.

1987ರಲ್ಲಿ ಶೇಖ್ ಮತ್ತು ಅವನ ಅಖಾಡದ ಬದ್ಧವೈರಿ ಜಿಮ್ ಡಗನ್ ಒಂದೇ ಕಾರಿನಲ್ಲಿ ಹೋಗುವಾಗ ಪೊಲೀಸರ ಕೈಗೆ ಸಿಕ್ಕರು. ಮಾದಕ ವಸ್ತುವಿನ ಪ್ರಕರಣ. ಇಬ್ಬರೂ ಕೆಲಸ ಕಳೆದುಕೊಂಡರು. ವೈರಿಗಳು ಒಟ್ಟಿಗೆ ಪ್ರಯಾಣ ಮಾಡುತ್ತಾರೆ ಎಂಬುದು ಬಯಲಾಯಿತಲ್ಲ, ಕಂಪನಿಗೆ ಆದ ಮುಖಭಂಗದಲ್ಲಿ ಅದರ ಪಾಲೂ ಇತ್ತು. ನನಗೆ ಈ ಕಥೆ ಓದಿ ಹೊಟ್ಟೆ ಚುರ್ ಎಂದಿತು. ಶಿಗ್ಗಾವಿ ಕಡೆಯ ಊರೊಂದರಲ್ಲಿ ಬೆಳಗಿನ ಜಾವ ಆಟ ಮುಗಿಸಿ, ನನ್ನನ್ನು ಆಗಷ್ಟೇ ಇರಿದು ಕೊಂದಿದ್ದ ನಾಯಕನನ್ನು ನಾನೇ ಎಂ-80 ಗಾಡಿಯ ಹಿಂದೆ ಕೂರಿಸಿಕೊಂಡು ಹೊರಟಿದ್ದೆ. ಚಹಾ ಅಂಗಡಿಯ ಮುಂದೆ ನಿಂತಿದ್ದ ಜನ ನಮ್ಮನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಪೇಟಿ ಮಾಸ್ತರರು ಆಮೇಲೆ ಬೈದರು: ಊರ ಗಡಿ ದಾಟುವವರೆಗಾದರೂ ಬೇರೆ ಬೇರೆ ಹೋಗಬಾರದಿತ್ತೇ?

ಕಂಪನಿಯ ಆಗಿನ ಮಾಲೀಕ ವಿನ್ಸ್ ಮೆಕ್‌ಮಹನ್ ತಾನೇ ಮಾಡಿದ ‘ದುಷ್ಟ ಮಾಲೀಕ’ನ ಪಾತ್ರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1997ರ ನವೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್ ಸೋಲೊಪ್ಪದಿದ್ದರೂ ಮೆಕ್‌ಮಹನ್ ಗಂಟೆ ಬಾರಿಸಿಬಿಟ್ಟು ಅವನನ್ನು ಸೋಲಿಸಿದ ನಿಜ ಘಟನೆಯಿಂದ ಆ ಪಾತ್ರ ಹುಟ್ಟಿತು. ಮಾಲೀಕನಿಗೆ ನೌಕರ ಹೊಡೆಯುವುದನ್ನು ನೋಡಲು ಯಾವ ಅಂಗಡಿಯ ಗುಮಾಸ್ತನಿಗೆ ಬೇಡ? ಇನ್ನು ಜಿಂದರ್ ಮಹಲ್. 2017ರ ಮೇ ತಿಂಗಳಲ್ಲಿ ಅವನು ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿದಾಗ ಅಲ್ಲಿಯ ಜನ ಛೀಮಾರಿ ಹಾಕಿದರು, ಇಲ್ಲಿ ನಮ್ಮ ಅಂಗಡಿಯಲ್ಲಿ ಪೇಡೆ ಹಂಚಿದರು. ಕೆನಡಾದಲ್ಲಿ ಹುಟ್ಟಿದ ಪಂಜಾಬಿ ಮೂಲದವನು ಅಲ್ಲಿ ಖಳ, ಇಲ್ಲಿ ನಾಯಕ. ಶೇಖ್ ಗೆದ್ದಾಗ ಇರಾನಿನಲ್ಲಿ ಯಾರಾದರೂ ಮಿಠಾಯಿ ಹಂಚಿದ್ದರೇ ಎಂದು ಅಂದು ಮೊದಲ ಸಲ ಯೋಚಿಸಿದೆ.

ಅಳಿಯನ ಮೆಚ್ಚಿನ ಖಳ ಡೊಮಿನಿಕ್ ಮಿಸ್ಟೀರಿಯೊ. ಇವನ ಕಥೆ ಮಾತ್ರ ನಮ್ಮ ಯಾವ ನಾಟಕ ಕವಿಗೂ ಹೊಳೆದಿರಲಾರದು. 2005ರಲ್ಲಿ ಅವನು ಎಂಟು ವರ್ಷದ ಹುಡುಗ. ಅವನು ಯಾರ ಮಗ ಎಂಬ ಜಗಳದಲ್ಲಿ ಅವನನ್ನು ಸಾಕುವ ಹಕ್ಕಿನ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಅಖಾಡದ ಮೇಲೆ ನೇತುಹಾಕಿದರು. ರೇ ಮಿಸ್ಟೀರಿಯೊ ಮತ್ತು ಎಡಿ ಗೆರೆರೊ ಏಣಿ ಹತ್ತಿ ಅದಕ್ಕಾಗಿ ಬಡಿದಾಡಿದರು, ರೇ ಗೆದ್ದ. ಹದಿನೇಳು ವರ್ಷ ಕಳೆದು 2022ರಲ್ಲಿ ಕಾರ್ಡಿಫ್‌ನಲ್ಲಿ ಅದೇ ಮಗ ಅದೇ ಅಪ್ಪನಿಗೆ ಹೊಡೆದ. ಕಥೆಯೊಳಗೇ ಒಂದು ಸಣ್ಣ ಬಂಧನವಾದ ಮೇಲೆ ದೊಡ್ಡ ಕೈದಿಯಂತೆ ಮೆರೆದ. ಮರುವರ್ಷ ಕಂಪನಿಯ ಅತಿ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾಕ್ಕೆ ಜೈಲು ವಾಹನದಲ್ಲೇ ಬಂದಿಳಿದ. ಅವನು ಮೈಕ್ ಹಿಡಿದರೆ ಗದ್ದಲದಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ಹದಿನೇಳು ವರ್ಷ ಹಿಂದೆ ಬಿತ್ತಿದ ಬೀಜ! ಆದರೆ ಅಳಿಯ ಅವನನ್ನು ಬೈಯುವುದಿಲ್ಲ, ನಗುತ್ತಾನೆ, ಅವನಂತೆ ಮೀಸೆ ಬಿಡಬೇಕೆನ್ನುತ್ತಾನೆ. ರೋಮನ್ ರೇನ್ಸ್‌ನದೂ ಇದೇ ಗತಿ. 2020ರ ಆಗಸ್ಟ್‌ನಿಂದ 2024ರ ಏಪ್ರಿಲ್‌ವರೆಗೆ 1,316 ದಿನ ಬೆಲ್ಟು ಇಟ್ಟುಕೊಂಡ, ಸ್ವಂತ ದಾಯಾದಿಗಳನ್ನು ಮಂಡಿಯೂರಿಸಿ ನನ್ನನ್ನು ಒಪ್ಪಿಕೊಳ್ಳಿ ಎಂದ. ಜನ ಬೈಯುವ ಬದಲು ಒಂದು ಬೆರಳೆತ್ತಿ ಒಪ್ಪಿಕೊಂಡೇಬಿಟ್ಟರು. ಗೌಡನ ಪಾತ್ರ ಮಾಡುವವನಿಗೆ ಊರವರು ನಿಜವಾಗಿ ಗೌಡಿಕೆಯನ್ನೇ ಕೊಟ್ಟರೆ ಅವನು ಹಾಲಿಲ್ಲದೆ ಹಿಂತಿರುಗುವುದು ಹೇಗೆ?

ನನ್ನ ಮಟ್ಟಿಗೆ ಎಲ್ಲರಿಗಿಂತ ಮೇಲೆ ಕೂರುವವನು ಟೆಡ್ ಡಿಬಿಯಾಸಿ, ‘ಮಿಲಿಯನ್ ಡಾಲರ್ ಮ್ಯಾನ್’. ಅವನಿಗೆ ಪರದೇಶದ ಧ್ವಜ ಬೇಕಿರಲಿಲ್ಲ, ಉಪ್ಪೂ ಬೇಕಿರಲಿಲ್ಲ. ದುಡ್ಡಿತ್ತು. ಹೊರಗೂ ಸಿರಿವಂತನಾಗಿಯೇ ಕಾಣಲಿ ಎಂದು ಅವನ ಐಷಾರಾಮಿ ಪ್ರಯಾಣದ ಖರ್ಚನ್ನು ಕಂಪನಿಯೇ ನೋಡಿಕೊಂಡಿತು. ಎಂ-80 ತಪ್ಪು ಅವನಿಂದ ಆಗಲೇ ಇಲ್ಲ. ಒಂದು ದಿನ ಪುಟ್ಟ ಹುಡುಗನೊಬ್ಬನನ್ನು ಅಖಾಡಕ್ಕೆ ಕರೆದು, ಚೆಂಡನ್ನು ಹದಿನೈದು ಸಲ ಪುಟಿಸಿದರೆ ಐನೂರು ಡಾಲರ್ ಕೊಡುತ್ತೇನೆಂದ. ಹುಡುಗ ಹದಿನಾಲ್ಕು ಮುಟ್ಟಿದ. ಹದಿನೈದನೆಯದಕ್ಕೆ ಡಿಬಿಯಾಸಿ ಕಾಲಿನಿಂದ ಚೆಂಡನ್ನು ಒದ್ದ. ಕೆಲಸ ಸರಿಯಾಗಿ ಮಾಡದವರಿಗೆ ಸಂಬಳವಿಲ್ಲ ಎಂದು ಬುದ್ಧಿವಾದ ಬೇರೆ ಹೇಳಿದ. ಅಲ್ಲಿ ರಕ್ತವಿಲ್ಲ, ಕುರ್ಚಿ ಏಟಿಲ್ಲ. ಬಡ್ಡಿ ಸಾಹುಕಾರನ ಪಾತ್ರಕ್ಕೆ ಹದಿನೆಂಟು ವರ್ಷ ನಾನು ಹುಡುಕುತ್ತಿದ್ದ ಅಭಿನಯ ಆ ಒಂದು ಒದೆತದಲ್ಲಿತ್ತು.

ಅಳಿಯ ಈ ಕಥೆ ಕೇಳಿಸಿಕೊಂಡನೋ ಇಲ್ಲವೋ. ಅಷ್ಟರಲ್ಲಿ ನನಗೆ ಕೈ ಕುದುರಿತ್ತು. ಸಿಕ್ಕಿಕೊಳ್ಳುವ ಗುಂಡಿಯನ್ನು ಉಗುರಿನಿಂದ ಎತ್ತಿ ಎತ್ತಿ ಒತ್ತುತ್ತ, ಇಡೀ ಗಂಟೆಯಲ್ಲಿ ಮೊದಲ ಬಾರಿಗೆ ರೋಮನ್ ರೇನ್ಸ್‌ನನ್ನು ಮೂಲೆಗೆ ಎಳೆದು ತಂದೆ. ಯೊಕೊಜುನಾ ಹಗ್ಗ ಹತ್ತಿ ಅವನ ಎದೆಯ ಮೇಲೆ ಕೂತೇ ಕೂತ. ಒತ್ತಿಹಿಡಿದೆ. ರೆಫರಿ ನೆಲ ಬಡಿದ: ಒಂದು. ಎರಡು.

ಪರದೆ ನಿಂತುಹೋಯಿತು. ಎರಡು ಸಲ ತಲೆಯಾಡಿಸಿದ್ದ ಕೌಂಟರಿನ ಹುಡುಗ ಹಿಂದೆ ಬಂದು ನಿಂತಿದ್ದ. “ಟೈಮ್ ಮುಗಿಯಿತು ಸರ್. ಮುಂದುವರಿಸುವುದಾದರೆ ಇನ್ನೊಂದು ಗಂಟೆಯ ದುಡ್ಡು ಕೊಡಬೇಕು” ಎಂದ.

ನಾನು ಅವನ ಮುಖವನ್ನು ಸ್ವಲ್ಪ ಹೊತ್ತು ಗೌರವದಿಂದ ನೋಡಿ, ನೂರಿಪ್ಪತ್ತು ರೂಪಾಯಿ ಎಣಿಸಿ ಕೊಟ್ಟೆ.