ಸಿಂಗಾಪುರದಿಂದ ನ್ಯೂಯಾರ್ಕಿಗೆ: ನೇರ ವಿಮಾನವೋ, ಫ್ರಾಂಕ್‌ಫರ್ಟ್ ಮಾರ್ಗವೋ?

ಸಿಂಗಾಪುರದ ಚಾಂಗಿ ಮತ್ತು ನ್ಯೂಯಾರ್ಕಿನ ಜಾನ್ ಎಫ್. ಕೆನಡಿ ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 15,350 ಕಿಲೋಮೀಟರ್. ಎರಡೂ ಊರುಗಳು ಭೂಗೋಳದ ಎದುರುಬದುರು ರೇಖಾಂಶಗಳಲ್ಲಿರುವುದರಿಂದ ಅತಿ ಚಿಕ್ಕ ದಾರಿ ಉತ್ತರ ಧ್ರುವದ ಸಮೀಪ ಹಾಯುತ್ತದೆ. ಆದರೂ ವಿಮಾನಗಳು ಹಿಂಬದಿಯ ಗಾಳಿಯ ನೆರವಿಗಾಗಿ ಎಷ್ಟೋ ಸಲ ಪೆಸಿಫಿಕ್ ಸಾಗರದ ಮೇಲಿನ ಹೆಚ್ಚು ದೂರದ ದಾರಿಯನ್ನೇ ಆರಿಸಿಕೊಳ್ಳುತ್ತವೆ.

ಸಿಂಗಾಪುರ ಏರ್‌ಲೈನ್ಸ್ 2020ರ ನವೆಂಬರಿನಲ್ಲಿ ಆರಂಭಿಸಿದ ನೇರ ಸೇವೆಯಲ್ಲಿ ಪಯಣದ ಅವಧಿ ಹದಿನೆಂಟೂವರೆ ಗಂಟೆಯ ಆಸುಪಾಸಿನದು. ಫ್ರಾಂಕ್‌ಫರ್ಟ್ ಮೂಲಕ ಹೋದರೆ ದೂರ ಸುಮಾರು 16,500 ಕಿಲೋಮೀಟರ್. ಹೆಚ್ಚುವ ದೂರ ಸಾವಿರ ಕಿಲೋಮೀಟರಿಗಿಂತ ತುಸು ಮಿಗಿಲಾದರೂ, ಎದುರುಗಾಳಿ ಮತ್ತು ನಿಲುಗಡೆ ಸೇರಿ ಪ್ರಯಾಣ ಒಂದು ಹಗಲು-ರಾತ್ರಿಯಷ್ಟಾಗುತ್ತದೆ.

ಹಾಗೆಂದು ನೇರ ವಿಮಾನವೇ ಎಲ್ಲರಿಗೂ ಸರಿಯೆನ್ನಲಾಗದು. ಇದಕ್ಕೆ ಬಳಸುವ, ಅತಿ ದೂರದ ಹಾರಾಟಕ್ಕೆಂದೇ ರೂಪಿಸಿದ ಏರ್‌ಬಸ್ ಎ350-900 ಯುಎಲ್‌ಆರ್ ವಿಮಾನದಲ್ಲಿ ಹೆಚ್ಚಿನ ಇಂಧನ ಹೊರಬೇಕಾದ ಕಾರಣ ಕೇವಲ 161 ಆಸನಗಳಿವೆ. 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ. ಸಾಮಾನ್ಯ ಎಕಾನಮಿ ದರ್ಜೆಯೇ ಇಲ್ಲ. ಹಣ ಉಳಿಸಬೇಕಾದ ಕುಟುಂಬಗಳಿಗೆ ಫ್ರಾಂಕ್‌ಫರ್ಟ್ ಮಾರ್ಗವೇ ಸೂಕ್ತವೆಂದು ನನ್ನ ಅಭಿಪ್ರಾಯ. ನಡುವೆ ಕಾಲಾಡಿಸಲು ಸಿಗುವ ಬಿಡುವು, ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರಿಗೆ, ನಿಜಕ್ಕೂ ದೊಡ್ಡ ಅನುಕೂಲ. ನಿದ್ದೆ ಕೆಡಿಸಿಕೊಳ್ಳದೆ ತಲುಪಿ, ಮರುದಿನವೇ ಕೆಲಸಕ್ಕೆ ಕುಳಿತುಕೊಳ್ಳಬೇಕಾದವರು ಮಾತ್ರ ನೇರ ವಿಮಾನಕ್ಕೆ ಹೆಚ್ಚಿನ ಹಣ ತೆರಬಹುದು.

ಟಿಕೆಟಿನಲ್ಲಿರುವ ಹೊರಡುವ, ತಲುಪುವ ವೇಳೆಗಳು ಆಯಾ ಊರಿನವು. ನ್ಯೂಯಾರ್ಕ್ ಬೇಸಿಗೆಯಲ್ಲಿ 12, ಚಳಿಗಾಲದಲ್ಲಿ 13 ಗಂಟೆ ಹಿಂದಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅವಧಿಯನ್ನು ಹೋಲಿಸಬೇಕು.