ನೋಟ್‌ಬುಕ್ಕು ಎಲ್ಲಿ ಅಗ್ಗ? ಪುಟಕ್ಕೆ ಎಷ್ಟು ಪೈಸೆ ಅಂತ ಲೆಕ್ಕ ಹಾಕಿದೆ

ಮಗಳು ಏಳನೇ ಕ್ಲಾಸು, ಮಗ ಮೂರನೇ ಕ್ಲಾಸು. ಇಬ್ಬರಿಗೂ ಸೇರಿ ವರ್ಷಕ್ಕೆ ಮೂರು ಡಜನ್ ನೋಟ್‌ಬುಕ್ ಬೇಕು. ಮೂರು ವರ್ಷದಲ್ಲಿ ನಾಲ್ಕು ಕಡೆ ತಗೊಂಡು ನೋಡಿದೆ: ಶಾಲೆಯ ಕಿಟ್, ನಮ್ಮ ಬೀದಿಯ ಅಂಗಡಿ, ಸೂಪರ್ ಮಾರ್ಕೆಟ್, ಬೆಂಗಳೂರಿನ ಅವೆನ್ಯೂ ರಸ್ತೆ. ಹೋಲಿಸಲು ಸುಲಭವಾಗಲಿ ಅಂತ ಈ ಮೇ ತಿಂಗಳಲ್ಲಿ ನಾಲ್ಕೂ ಕಡೆ ದರ ಮತ್ತೆ ವಿಚಾರಿಸಿದ್ದೇನೆ.

ಮೊದಲು ಒಂದು ಮಾತು. ನಾವೆಲ್ಲ ಬಾಯಲ್ಲಿ 'ಇನ್ನೂರು ಪುಟದ್ದು ಕೊಡಿ' ಅಂತೀವಿ. ಹಿಂದಿನ ರಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದರಲ್ಲಿ 172, ಇನ್ನೊಂದರಲ್ಲಿ 192, ಮತ್ತೊಂದರಲ್ಲಿ 160 ಅಂತ ಇರುತ್ತದೆ. ಹೊರಗಿಂದ ಎಲ್ಲ ಒಂದೇ ದಪ್ಪ ಕಾಣುತ್ತವೆ. ಹಾಗಾಗಿ ನಾನು ಪುಸ್ತಕದ ರೇಟು ಬಿಟ್ಟು ಪುಟದ ರೇಟು ನೋಡಲು ಶುರು ಮಾಡಿದೆ.

ಶಾಲೆಯ ಕಿಟ್‌ನಲ್ಲಿ 160 ಪುಟದ ಬುಕ್ಕಿಗೆ 65 ರೂಪಾಯಿ, ಅಂದರೆ ಪುಟಕ್ಕೆ 41 ಪೈಸೆ. ರಟ್ಟಿನ ಮೇಲೆ ಶಾಲೆಯ ಲಾಂಛನ, ಅಷ್ಟೇ ವಿಶೇಷ. 'ಕಡ್ಡಾಯ ಅಲ್ಲ, ಎಲ್ಲರೂ ತಗೋತಾರೆ' ಅಂದರು. ನಾನೂ ತಗೊಂಡೆ. ಮಾರ್ಚ್‌ನಲ್ಲಿ ಬ್ಯಾಗ್ ಖಾಲಿ ಮಾಡುವಾಗ ನೋಡಿದರೆ ಹನ್ನೊಂದು ಬುಕ್ಕುಗಳಲ್ಲಿ ಇಪ್ಪತ್ತು ಪುಟವೂ ಬರೆದಿರಲಿಲ್ಲ! ಜೀವನ ಮೌಲ್ಯ, ಕಂಪ್ಯೂಟರ್, ಸಾಮಾನ್ಯ ಜ್ಞಾನ, ಎಲ್ಲಕ್ಕೂ ಒಂದೊಂದು ದಪ್ಪ ಪುಸ್ತಕ. ಮರುವರ್ಷ ಟೀಚರ್‌ಗೆ ಕೇಳಿದೆ, ಹೊರಗಿನದ್ದೂ ಪರವಾಗಿಲ್ಲ ಅಂದುಬಿಟ್ಟರು. ಕೇಳಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

ಸೂಪರ್ ಮಾರ್ಕೆಟ್‌ನಲ್ಲಿ ಆರರ ಕಟ್ಟು. 172 ಪುಟದ್ದು ಒಂದಕ್ಕೆ 46 ಬೀಳುತ್ತದೆ, ಪುಟಕ್ಕೆ 27 ಪೈಸೆ. ರೇಟು ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಸಿಕ್ಕಿದ್ದು ಒಂಟಿ ಗೆರೆಯದ್ದು ಮಾತ್ರ. ಮಗನಿಗೆ ಬೇಕಾದ ನಾಲ್ಕು ಗೆರೆಯದ್ದೂ ಇಲ್ಲ, ಲೆಕ್ಕಕ್ಕೆ ಬೇಕಾದ ಚೆಕ್ಸ್ ಬುಕ್ಕೂ ಇಲ್ಲ. ಮೇಲಾಗಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ತಪ್ಪು ನನ್ನದೇ. ಎರಡು ಕಟ್ಟು ಬುಕ್ಕಿಗೆ ಹೋದವಳು ನೀರಿನ ಬಾಟಲಿ, ಡೈನೋಸಾರ್ ಪೌಚು, ಹೊಳೆಯುವ ಸ್ಟಿಕರು ಎಲ್ಲ ಹೊತ್ತು ಬಂದೆ. ಬಿಲ್ಲು 2,100.

ಇನ್ನು ಅವೆನ್ಯೂ ರಸ್ತೆ. ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಕೆ.ಆರ್. ಮಾರ್ಕೆಟ್‌ವರೆಗೆ ಪುಸ್ತಕ, ಕಾಗದದ ಅಂಗಡಿಗಳ ಸಾಲು. ಮೆಟ್ರೊದಲ್ಲಿ ಚಿಕ್ಕಪೇಟೆಗೆ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಹೋಲ್‌ಸೇಲ್ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಮೊದಲ ಸಲ ಹೋದಾಗ ಆಸೆಗೆ ಬಿದ್ದು ತೀರಾ ಅಗ್ಗದ್ದು ಒಂದು ಡಜನ್ ತಂದೆ. ಮಗಳು ಜೆಲ್ ಪೆನ್ನಲ್ಲಿ ಬರೆದಳು. ಹಾಳೆ ತಿರುಗಿಸಿದರೆ ಶಾಯಿ ಆಚೆ ಬದಿಗೆ ಇಳಿದು, 'ನದಿಗಳು' ಪಾಠದ ಮೇಲೆ ನಿಜವಾಗಿಯೂ ನದಿ ಹರಿದಿತ್ತು. ಎರಡನೇ ಸಲ ಪೆನ್ನು ನಾನೇ ತೆಗೆದುಕೊಂಡು ಹೋದೆ. ಅಂಗಡಿಯವರು ಒಂದು ಬುಕ್ಕು ಬಿಚ್ಚಿ ಮುಂದಿಟ್ಟರು. ಮೂಲೆಯಲ್ಲಿ ಹೆಸರು ಬರೆದು, ಹಾಳೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ ಆಮೇಲೆ ಹ್ಞೂಂ ಅಂದೆ. ಅವರಿಗೇನೂ ಬೇಜಾರಾಗಲಿಲ್ಲ. ಆ 192 ಪುಟದ್ದು ಈಗ 38 ರೂಪಾಯಿ. ಪುಟಕ್ಕೆ 20 ಪೈಸೆ.

ಇಲ್ಲಿಗೆ ಅವೆನ್ಯೂ ರಸ್ತೆ ಗೆದ್ದಿತು ಅನ್ನಬೇಡಿ. ಒಂದು ಬುಕ್ಕು ಹತ್ತಿರಹತ್ತಿರ ಕಾಲು ಕಿಲೊ, ಮೂರು ಡಜನ್ ಅಂದರೆ ಒಂಬತ್ತು ಕಿಲೊ. ವಾಪಸ್ ಆಟೊನೇ ಬೇಕು. ಹೋಗಿಬರುವ ಖರ್ಚು 380.

ನಮ್ಮ ಬೀದಿ ಅಂಗಡಿಯಲ್ಲಿ 172 ಪುಟದ್ದಕ್ಕೆ 60. ಪುಟಕ್ಕೆ 35 ಪೈಸೆ. ಮೂರು ಡಜನ್‌ಗೆ 2,160. ಅವೆನ್ಯೂ ರಸ್ತೆಯಲ್ಲಿ 1,368, ಅದಕ್ಕೆ 380 ಸೇರಿಸಿದರೆ 1,748. ಉಳಿದದ್ದು 412. ಆದರೆ ಬೀದಿ ಅಂಗಡಿಯವರಿಗೆ 'ಮೂರು ಡಜನ್ ಒಟ್ಟಿಗೆ ತಗೋತೀನಿ' ಅಂದಾಗ ಒಂದಕ್ಕೆ 51ಕ್ಕೆ ಇಳಿಸಿದರು. ಅಲ್ಲೇ 324 ಉಳಿಯಿತು. ಅಂದರೆ ಅರ್ಧ ದಿನ ಬಿಸಿಲಲ್ಲಿ ಅಲೆದಿದ್ದಕ್ಕೆ ಸಿಕ್ಕಿದ್ದು ಬರೀ 88 ರೂಪಾಯಿ! ಪುಟ ಸ್ವಲ್ಪ ಜಾಸ್ತಿ ಸಿಗುತ್ತದೆ ಅನ್ನಿ. ಈ ವರ್ಷ ಪಕ್ಕದ ಮನೆಯವರ ಜೊತೆ ಹೋಗಿ ಖರ್ಚು ಹಂಚಿಕೊಂಡೆ, ಹಾಗೆ ಮಾಡಿದರೆ ಮೂರು ಡಜನ್‌ಗೆ ಬೀದಿ ಅಂಗಡಿಯ 60ರ ರೇಟಿಗಿಂತ ಉಳಿತಾಯ 600 ದಾಟುವ ಲೆಕ್ಕ. ಇಬ್ಬರು ಸೇರಿದರೆ ಅವೆನ್ಯೂ ರಸ್ತೆ, ಒಬ್ಬರೇ ಆದರೆ ಬೀದಿ ಅಂಗಡಿ.

ಪೆನ್ಸಿಲ್, ರಬ್ಬರ್, ಮೆಂಡರ್‌ಗೆ ದೂರ ಹೋಗಬೇಡಿ, ವ್ಯತ್ಯಾಸ ಚಿಲ್ಲರೆಯಷ್ಟೇ. ನಟರಾಜ್ ಬೇಕೋ ಅಪ್ಸರಾ ಬೇಕೋ ಅಂತ ಮಕ್ಕಳು ಜಗಳವಾಡುತ್ತಾರೆ, ಎರಡನ್ನೂ ಮಾಡುವುದು ಹಿಂದೂಸ್ತಾನ್ ಪೆನ್ಸಿಲ್ಸ್ ಕಂಪನಿಯೇ. ಇವುಗಳಿಗೂ ನೋಟ್‌ಬುಕ್ಕಿಗೂ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಹಳೇ ಸ್ಟಾಕಿನ ಮೇಲಿನ ಎಂಆರ್‌ಪಿ ನೋಡಿ ದುಡ್ಡು ಕೊಡುವ ಮುಂಚೆ, ತೆರಿಗೆ ಕಳೆದಿದ್ದೀರಾ ಅಂತ ಒಂದು ಮಾತು ಕೇಳಿ. ರಾಜ್ಯ ಪಠ್ಯಕ್ರಮದವರಿಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಾಠದ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಒಂದೆರಡು ಪಾಠ ನೋಡಿಕೊಳ್ಳಲು ಸಾಕು, ಇಡೀ ಪುಸ್ತಕ ಪ್ರಿಂಟ್ ತೆಗೆಸಿದರೆ ಹೊಸದಕ್ಕಿಂತ ದುಬಾರಿ.

ಇನ್ನು ಆ ಹನ್ನೊಂದು ಬುಕ್ಕುಗಳು. ನಮ್ಮಮ್ಮ ಮಾಡುತ್ತಿದ್ದ ಹಾಗೆ ಪಿನ್ನು ಎಬ್ಬಿಸಿ, ಖಾಲಿ ಹಾಳೆ ಬಿಡಿಸಿ, ಅಂಚು ಕುಟ್ಟಿ ಸಮ ಮಾಡಿದೆ. ನಡುಮಡಿಕೆಯಲ್ಲಿ ದಬ್ಬಣದಿಂದ ಮೂರು ತೂತು, ದಪ್ಪ ದಾರ, ಹಿಂದೆ ಗಂಟು. ರಟ್ಟಿಗೆ ಹಳೇ ಕ್ಯಾಲೆಂಡರ್. ಆರು ದಪ್ಪ ರಫ್ ಬುಕ್ಕಾದವು. ದಾರದ ಖರ್ಚು ಬಿಟ್ಟರೆ ಪುಟಕ್ಕೆ ಸೊನ್ನೆ ಪೈಸೆ. ಹಾಗಾಗಿ ಈ ವರ್ಷ ತಂದಿದ್ದು ಮೂವತ್ತೇ. ಮಗಳು ಮೊದಲ ದಿನ ಮುಖ ಸಿಂಡರಿಸಿದಳು. ಆಮೇಲೆ ಗಣಪತಿ ಚಿತ್ರವಿದ್ದ ರಟ್ಟಿನದ್ದು ತನಗೇ ಬೇಕು ಅಂತ ತಮ್ಮನ ಹತ್ತಿರ ಕಿತ್ತುಕೊಂಡಳು. ಮೂವತ್ತಕ್ಕೂ ಬೈಂಡು ಹಾಕುವ ಕೆಲಸ ಇನ್ನೂ ಬಾಕಿ ಇದೆ. ಅದನ್ನು ಗಂಡನಿಗೆ ಬಿಟ್ಟಿದ್ದೇನೆ.