ಸ್ಯಾಂಪ್ಲರ್ ಶಿಬಿರಕ್ಕೆ ದುಡ್ಡು ಕಟ್ಟುವ ಮುಂಚೆ ಬಟ್ಟೆಯ ಕೌಂಟ್ ಕೇಳಿ

ಕ್ರಾಸ್ ಸ್ಟಿಚ್ (ಬಟ್ಟೆಯ ಎಳೆ ಎಣಿಸಿ × ಆಕಾರದಲ್ಲಿ ಹಾಕುವ ಹೊಲಿಗೆ) ಸ್ಯಾಂಪ್ಲರ್, ಅಂದರೆ ಹಲವು ಹೊಲಿಗೆಗಳ ಮಾದರಿ ಬಟ್ಟೆ, ಕಲಿಸುತ್ತೇವೆ ಅನ್ನುವ ಕಸೂತಿ ಶಿಬಿರಕ್ಕೆ ಹೆಸರು ಕೊಡಲು ಹೊರಟವರು ದಯವಿಟ್ಟು ಇದನ್ನು ಓದಿ. ನಾನು ಹೋಗಿದ್ದ ಕಡೆ ಜಾಹೀರಾತಿನಲ್ಲಿ ತೋರಿಸಿದ ಕೆಲಸವೇ ಬೇರೆ, ಕೈಗೆ ಕೊಟ್ಟ ಕಿಟ್ಟೇ ಬೇರೆ. ಕಲಿಸಿದ್ದು ತೀರಾ ಕಡಿಮೆ. ಕೇಳಿದರೆ ದುಡ್ಡೂ ವಾಪಸ್ ಬರಲಿಲ್ಲ. ನಡೆಸಿದವರ ಹೆಸರು ಬರೆಯುತ್ತಿಲ್ಲ. ಎಲ್ಲೆಲ್ಲಿ ಎಡವಟ್ಟಾಯಿತು ಅನ್ನುವುದು ಗೊತ್ತಿದ್ದರೆ ಯಾವ ಶಿಬಿರವನ್ನಾದರೂ ನೀವೇ ಅಳೆದು ನೋಡಬಹುದು.

ಮೊದಲು ಬಟ್ಟೆಯ ವಿಷಯ. ಜಾಹೀರಾತಿನ ಫೋಟೋದಲ್ಲಿದ್ದ ಸ್ಯಾಂಪ್ಲರ್ 40 ಕೌಂಟ್ ಲಿನನ್ ಮೇಲೆ ಹೊಲಿದದ್ದು. ಅಳತೆ 8 ಇಂಚು ಅಗಲ, 10 ಇಂಚು ಉದ್ದ ಅಂತ ಬರೆದಿದ್ದರು. ಚಾರ್ಟ್‌ನಲ್ಲಿ (ನೋಡಿಕೊಂಡು ಹೊಲಿಯುವ ಚೌಕುಳಿ ನಕ್ಷೆಯಲ್ಲಿ) ಅಗಲಕ್ಕೆ 160 ಕ್ರಾಸ್, ಉದ್ದಕ್ಕೆ 200. ಲಿನನ್ ಮೇಲೆ ಸಾಮಾನ್ಯವಾಗಿ ಬಟ್ಟೆಯ ಎರಡೆರಡು ಎಳೆಗೆ ಒಂದು ಕ್ರಾಸ್ ಹಾಕುತ್ತೇವೆ. 40 ಕೌಂಟ್ ಅಂದರೆ ಇಂಚಿಗೆ 40 ಎಳೆ, ಅಂದರೆ 20 ಕ್ರಾಸ್. ಅಲ್ಲಿಗೆ 8 ಮತ್ತು 10 ಇಂಚಿನ ಲೆಕ್ಕ ಸರಿಯಾಗಿಯೇ ಇದೆ. ನಾಲ್ಕೂ ಕಡೆ 3 ಇಂಚು ಅಂಚು ಬಿಟ್ಟರೆ 14 ಇಂಚು ಅಗಲ, 16 ಇಂಚು ಉದ್ದದ ಬಟ್ಟೆ ಬೇಕು. ಕಿಟ್‌ನಲ್ಲಿ ಅಷ್ಟೇ ಬಟ್ಟೆ ಇತ್ತು. ಆದರೆ ಅದು 28 ಕೌಂಟ್!

ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಸ್ಕೇಲ್ ಇಟ್ಟು ಎಳೆ ಎಣಿಸಿದರು, ಆಗ ಗೊತ್ತಾಯಿತು. 28 ಕೌಂಟ್ ಬಟ್ಟೆಯಲ್ಲಿ ಇಂಚಿಗೆ 14 ಕ್ರಾಸ್ ಮಾತ್ರ ಬರುತ್ತದೆ. ಅದೇ ಚಾರ್ಟ್ ಈಗ 11.4 ಇಂಚು ಅಗಲ, 14.3 ಇಂಚು ಉದ್ದ ಆಗುತ್ತದೆ. ಎಡಕ್ಕೂ ಬಲಕ್ಕೂ ಉಳಿಯುವುದು ಒಂದೂಕಾಲು ಇಂಚು. ಮೇಲೆ, ಕೆಳಗೆ ಒಂದು ಇಂಚೂ ಇಲ್ಲ. ಫ್ರೇಮ್ ಹಾಕುವಾಗ ಬಟ್ಟೆಯನ್ನು ರಟ್ಟಿನ ಹಿಂದಕ್ಕೆ ಮಡಚಿ, ಗಟ್ಟಿ ದಾರದಿಂದ ಎಳೆದು ಕಟ್ಟಬೇಕಲ್ವಾ? ಇಷ್ಟು ಅಂಚಿನಲ್ಲಿ ಅದು ಸಾಧ್ಯವೇ ಇಲ್ಲ.

ಆಯೋಜಕರನ್ನು ಕೇಳಿದಾಗ "ಹೊಸಬರ ಕಣ್ಣಿಗೆ ಸುಲಭ ಆಗಲಿ ಅಂತ ಬದಲಾಯಿಸಿದ್ದೇವೆ" ಅಂದರು. 28 ಕೌಂಟ್ ಕಣ್ಣಿಗೆ ಸುಲಭ, ಅದು ನಿಜ. ಬದಲಾಯಿಸಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಬಟ್ಟೆ ಬದಲಾದರೆ ಅದರ ಜೊತೆ ಎಲ್ಲವೂ ಬದಲಾಗಬೇಕು. ದಾರವನ್ನೇ ನೋಡಿ. 40 ಕೌಂಟ್ ಮೇಲೆ ಒಂದೇ ಎಳೆ ದಾರದಲ್ಲಿ ಹೊಲಿಯಬಹುದು. 28ರ ಮೇಲೆ ಬಟ್ಟೆ ಕಾಣಿಸದ ಹಾಗೆ ತುಂಬಬೇಕಾದರೆ ಎರಡು ಎಳೆ ಬೇಕು. ಜೊತೆಗೆ ಒಂದೊಂದು ಕ್ರಾಸ್ ಕೂಡ ದೊಡ್ಡದಾಗುತ್ತದೆ. ಎರಡೂ ಸೇರಿದರೆ ಹೆಚ್ಚುಕಡಿಮೆ ಮೂರು ಪಟ್ಟು ದಾರ ಬೇಕು. ಕಿಟ್‌ನಲ್ಲಿದ್ದದ್ದು ಹಳೆಯ ಲೆಕ್ಕದ ದಾರ. ಅಂಚಿನ ಹಸಿರು ಬಳ್ಳಿ ಅರ್ಧಕ್ಕೆ ಬರುವಷ್ಟರಲ್ಲಿ ಎಲ್ಲರಿಗೂ ಹಸಿರು ದಾರ ಖಾಲಿ.

ಡಿಎಂಸಿ, ಆಂಕರ್ ಕಂಪನಿಗಳ ದಾರದ ಲೇಬಲ್ ಮೇಲೆ ಬಣ್ಣದ ನಂಬರ್ ಇರುತ್ತದೆ. ಮುಗಿದರೆ ಅದೇ ನಂಬರ್ ತರಬಹುದು. ನಮಗೆ ಕೊಟ್ಟಿದ್ದು ಬಿಳಿ ರಟ್ಟಿಗೆ ಸುತ್ತಿದ, ನಂಬರೇ ಇಲ್ಲದ ದಾರ. ಯಾವ ಕಂಪನಿ ಅಂತಲೂ ಇರಲಿಲ್ಲ. ಹೆಚ್ಚುವರಿ ದಾರ ಬೇಕಾದರೆ ಶಿಬಿರದ ಮಾರಾಟದ ಮೇಜಿನಲ್ಲೇ ಕೊಳ್ಳಬೇಕಿತ್ತು.

ಚಾರ್ಟ್ ನಾಲ್ಕು ಹಾಳೆಯ ಕಪ್ಪು ಬಿಳುಪು ಜೆರಾಕ್ಸ್. ವಿನ್ಯಾಸ ಮಾಡಿದವರ ಹೆಸರನ್ನು ಕತ್ತರಿಸಿ ತೆಗೆದಿದ್ದರು. ಇನ್ನೊಬ್ಬರು ಎಷ್ಟೋ ದಿನ ಕೂತು ಮಾಡಿದ ಕೆಲಸವನ್ನು ಹೀಗೆ ಜೆರಾಕ್ಸ್ ಮಾಡಿ ಮಾರುವುದು ತಪ್ಪು. ಅದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು. ಹೊಲಿಯುವವರಿಗೂ ಅದರಿಂದ ನಷ್ಟವೇ. ದೊಡ್ಡ ಚಾರ್ಟ್‌ಗಳಲ್ಲಿ ಒಂದು ಹಾಳೆಯ ಕೊನೆಯ ಕೆಲವು ಸಾಲುಗಳನ್ನು ಮುಂದಿನ ಹಾಳೆಯಲ್ಲಿ ಮತ್ತೆ ಹಾಕಿ, ತಿಳಿ ಬೂದು ಬಣ್ಣ ಕೊಟ್ಟಿರುತ್ತಾರೆ. ಜೋಡಿಸಿಕೊಳ್ಳಲು ಮಾತ್ರ ಇರುವ ಸಾಲುಗಳು ಅವು, ಮತ್ತೆ ಹೊಲಿಯಬಾರದು. ಜೆರಾಕ್ಸ್‌ನಲ್ಲಿ ಆ ಬೂದು ಬಣ್ಣ ಹಾರಿಹೋಗಿತ್ತು. ಹಲವರು ಆ ಸಾಲುಗಳನ್ನು ಎರಡೆರಡು ಸಲ ಹೊಲಿದರು. ಸುತ್ತು ಬಂದು ಸೇರಬೇಕಾದ ಅಂಚಿನ ಬಳ್ಳಿ ಸೇರಲಿಲ್ಲ. ಒಬ್ಬ ಹುಡುಗಿ ಇಡೀ ಸಂಜೆ ಬಿಚ್ಚುತ್ತಾ ಕೂತಿದ್ದಳು. ಬಂದು ನೋಡಲು ಟೀಚರ್ ಕೂಡ ಇರಲಿಲ್ಲ.

ಸ್ಯಾಂಪ್ಲರ್ ಕಲಿಯಲು ಜನ ಯಾಕೆ ಹೋಗುತ್ತಾರೆ? ಬರೀ ಕ್ರಾಸ್ ಆದರೆ ಮನೆಯಲ್ಲೇ ಹೊಲಿಯಬಹುದು. ಹಲವು ಬಗೆಯ ಹೊಲಿಗೆಗಳನ್ನು ಒಂದೇ ಬಟ್ಟೆಯ ಮೇಲೆ ಅಭ್ಯಾಸ ಮಾಡಿ ಇಟ್ಟುಕೊಳ್ಳುವುದೇ ಸ್ಯಾಂಪ್ಲರ್‌ನ ಉದ್ದೇಶ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಜೇನ್ ಬೋಸ್ಟಾಕ್ ಅನ್ನುವವರ ಹೆಸರಿರುವ 1598ರ ಸ್ಯಾಂಪ್ಲರ್ ಇದೆ. ಇಸವಿ ಹೊಲಿದಿರುವ ಬ್ರಿಟಿಷ್ ಸ್ಯಾಂಪ್ಲರ್‌ಗಳಲ್ಲಿ ಈಗ ತಿಳಿದಿರುವಷ್ಟರಲ್ಲಿ ಅದೇ ಹಳೆಯದು. ಆಲಿಸ್ ಲೀ ಅನ್ನುವ ಮಗು 1596ರಲ್ಲಿ ಹುಟ್ಟಿದ್ದನ್ನು ಅದರಲ್ಲಿ ಹೊಲಿದಿದ್ದಾರೆ. ಸ್ಯಾಟಿನ್, ಚೈನ್, ಬಟನ್‌ಹೋಲ್, ಫ್ರೆಂಚ್ ನಾಟ್ ಹೀಗೆ ಎಷ್ಟೊಂದು ಹೊಲಿಗೆಗಳು ಆ ಒಂದೇ ತುಂಡಿನಲ್ಲಿವೆ! ನಮ್ಮ ಶಿಬಿರದ ಜಾಹೀರಾತಿನಲ್ಲೂ ಅಲ್ಜೀರಿಯನ್ ಐಲೆಟ್, ಕ್ವೀನ್ ಸ್ಟಿಚ್, ಲಾಂಗ್ ಆರ್ಮ್ ಕ್ರಾಸ್ ಕಲಿಸುತ್ತೇವೆ ಅಂತ ಇತ್ತು. ನಾನು ಹೋದದ್ದೇ ಅದಕ್ಕೆ. ಐಲೆಟ್‌ನಲ್ಲಿ ಸೂಜಿ ಯಾವಾಗಲೂ ಹೊರಗಿನಿಂದ ಮೇಲೆ ಬಂದು ನಡುವಿನ ತೂತಿನಲ್ಲೇ ಕೆಳಗಿಳಿಯಬೇಕು, ಪ್ರತಿ ಸಲವೂ ಒಂದೇ ಬಿಗಿಯಲ್ಲಿ ಎಳೆಯಬೇಕು. ಆಗಲೇ ನಡುವೆ ಚೊಕ್ಕ ತೂತು ಬೀಳುತ್ತದೆ. ಎಷ್ಟು ಬಿಗಿ ಅನ್ನುವುದು ಹಾಳೆ ಓದಿದರೆ ಬರುವುದಿಲ್ಲ, ಯಾರಾದರೂ ಪಕ್ಕದಲ್ಲಿ ಕೂತು ಕೈ ತಿದ್ದಬೇಕು. ಇಲ್ಲಿ ಒಂದೊಂದು ಹಾಳೆ ಹಂಚಿ "ಪ್ರಯತ್ನ ಮಾಡ್ತಾ ಇರಿ" ಅಂದು ಹೋದರು. ಅಷ್ಟು ಜನಕ್ಕೆ ಒಬ್ಬರೇ ಟೀಚರ್, ಅವರೂ ಜಾಸ್ತಿ ಹೊತ್ತು ಇದ್ದದ್ದು ಮಾರಾಟದ ಮೇಜಿನ ಹತ್ತಿರ.

ಹಾಲ್‌ನಲ್ಲಿ ಮಬ್ಬು ಹಳದಿ ಬೆಳಕು. ಕೆನೆ ಬಣ್ಣಕ್ಕೂ ತಿಳಿ ಹಳದಿಗೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ.

ಇಷ್ಟನ್ನಾದರೂ ಸಹಿಸಬಹುದಿತ್ತು. ಕೊನೆಯ ದಿನ ಆದದ್ದನ್ನು ಮಾತ್ರ ಮರೆಯಲಾರೆ. ಪ್ರದರ್ಶನಕ್ಕೆ ಇಡಬೇಕು ಅಂತ ಎಲ್ಲರ ಬಟ್ಟೆ ತೆಗೆದುಕೊಂಡು, ನೀರು ಚಿಮುಕಿಸಿ ಇಸ್ತ್ರಿ ಮಾಡಿಬಿಟ್ಟರು. ಕೆಂಪು ದಾರ ಬಣ್ಣ ಬಿಟ್ಟಿತು. ಆ ಹಿರಿಯರ ಬಟ್ಟೆಯಲ್ಲಿ ಅಕ್ಷರಗಳ ಸುತ್ತ ಗುಲಾಬಿ ಕಲೆ ಹರಡಿತು. ಅವರು ಮೊಮ್ಮಗಳಿಗೆ ಕೊಡಬೇಕು ಅಂತ ಅದರಲ್ಲಿ ಅವಳ ಹೆಸರು ಹೊಲಿದಿದ್ದರು. "ಪರವಾಗಿಲ್ಲ ಬಿಡಮ್ಮ" ಅಂತ ನನಗೇ ಸಮಾಧಾನ ಹೇಳಿದರು. ನನಗೆ ಮಾತೇ ಹೊರಡಲಿಲ್ಲ.

ಗೊತ್ತಿಲ್ಲದ ದಾರವನ್ನು ಹೊಲಿಯುವ ಮುಂಚೆ ಒದ್ದೆ ಮಾಡಿ ಬಿಳಿ ಟಿಶ್ಯೂ ಮೇಲೆ ಒತ್ತಿ ನೋಡಬೇಕು. ಕೆಂಪು, ಕಡು ನೀಲಿ, ಕಪ್ಪು ದಾರವಾದರೆ ಇದನ್ನು ಖಂಡಿತ ಮಾಡಿ. ಕೈಯಲ್ಲಿ ಬಣ್ಣ ಹಾಕಿದ ದಾರಗಳಲ್ಲಿ ಹಲವು ನೀರು ತಾಗಿದರೆ ಬಣ್ಣ ಬಿಡುತ್ತವೆ. ಹೊಲಿದ ಮೇಲೆ ಬಣ್ಣ ಬಿಟ್ಟರೆ ಒಣಗಲು ಬಿಡಬೇಡಿ. ನೀರು ತಿಳಿಯಾಗುವ ತನಕ ತಣ್ಣೀರಲ್ಲಿ ತೊಳೆಯುತ್ತಲೇ ಇರಿ. ಇಸ್ತ್ರಿಯ ಬಿಸಿ ತಾಗಿದರೆ ಕಲೆ ಕೂತುಬಿಡುತ್ತದೆ.

ನಾವು ಕೆಲವರು ಸೇರಿ ದುಡ್ಡು ವಾಪಸ್ ಕೇಳಿದೆವು. "ಕಿಟ್ ಬದಲಾಗಬಹುದು ಅಂತ ನಿಯಮದಲ್ಲಿದೆ" ಅಂದರು. ಆ ನಿಯಮದ ಹಾಳೆ ನಮ್ಮ ಕೈಗೆ ಬಂದದ್ದು ಅಲ್ಲಿಗೆ ಹೋದ ಮೇಲೆ. ಅದಕ್ಕೇ ಹೇಳುತ್ತಿದ್ದೇನೆ, ದುಡ್ಡು ಕಟ್ಟುವ ಮುಂಚೆಯೇ ಬಟ್ಟೆಯ ಕೌಂಟ್ ಮತ್ತು ಅಳತೆ, ದಾರದ ಕಂಪನಿ ಮತ್ತು ನಂಬರ್, ಚಾರ್ಟ್ ಯಾರದ್ದು ಅನ್ನುವುದನ್ನು ಬರಹದಲ್ಲಿ ತರಿಸಿಕೊಳ್ಳಿ. ಒಬ್ಬ ಟೀಚರ್‌ಗೆ ಎಷ್ಟು ಜನ, ದಿನಕ್ಕೆ ಎಷ್ಟು ಗಂಟೆ ನಿಜವಾಗಿ ಕಲಿಸುತ್ತಾರೆ ಅಂತಲೂ ಕೇಳಿ. ಒಳ್ಳೆಯ ಟೀಚರ್‌ಗಳು ಇದನ್ನೆಲ್ಲ ಕೇಳುವ ಮುಂಚೆಯೇ ಹೇಳುತ್ತಾರೆ. ಬಟ್ಟೆಯ ನಡುಗೆರೆಯ ಗುರುತಿಗೆ ಕಚ್ಚಾ ಹೊಲಿಗೆ ಹಾಕಿಕೊಂಡು ಬನ್ನಿ ಅಂತ ಕಿಟ್ಟನ್ನು ಮೊದಲೇ ಕಳಿಸುವವರೂ ಇದ್ದಾರೆ. ಕೌಂಟ್ ಕೇಳಿದರೆ "ಬನ್ನಿ, ಎಲ್ಲಾ ಅಲ್ಲೇ ಗೊತ್ತಾಗುತ್ತೆ" ಅನ್ನುವವರ ಕಡೆ ಹೋಗಬೇಡಿ.

ಅಂಚು ಸಾಲದ ಬಟ್ಟೆ ಈಗಾಗಲೇ ನಿಮ್ಮ ಕೈಯಲ್ಲಿದ್ದರೆ ಎಸೆಯಬೇಡಿ. ನಾಲ್ಕೂ ಬದಿಗೆ ಹತ್ತಿ ಬಟ್ಟೆಯ ಪಟ್ಟಿಗಳನ್ನು ಹೊಲಿದು ಸೇರಿಸಿದರೆ ಫ್ರೇಮ್‌ಗೆ ಎಳೆದು ಕಟ್ಟಲು ಹಿಡಿತ ಸಿಗುತ್ತದೆ, ಪಟ್ಟಿ ರಟ್ಟಿನ ಹಿಂದೆ ಮರೆಯಾಗುತ್ತದೆ. ನಾನೂ ಆ ಹಿರಿಯರೂ ಈಗ ಹಾಗೇ ಮಾಡುತ್ತಿದ್ದೇವೆ.